ಕಾರ್ಡ್ ಒತ್ತುವ ಮುಂಚಿನ 20 ನಿಮಿಷ

ಟೈಮ್ ಕಾರ್ಡ್ ತೀರಾ ಚೊಕ್ಕವಾಗಿದ್ದರೆ ನನಗೆ ಅನುಮಾನ ಬರುತ್ತದೆ. ದಿನಾ ಬೆಳಗ್ಗೆ 8ಕ್ಕೆ ಬಂದ, ಸಂಜೆ 4ಕ್ಕೆ ಹೋದ. ಆರು ತಿಂಗಳಲ್ಲಿ ಒಂದು ದಿನವೂ 8:03 ಇಲ್ಲ, 4:10 ಇಲ್ಲ. ಎಲ್ಲ ಹಾಳೆಯಲ್ಲೂ ಅದೇ ಪೆನ್ನು, ಅದೇ ಕೈಬರಹ. ಮನುಷ್ಯರು ಹಾಗೆ ಕೆಲಸಕ್ಕೆ ಬರುವುದಿಲ್ಲ, ಅಲ್ವಾ?

ನಾನು ಅಮೆರಿಕದ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ನಲ್ಲಿ ತನಿಖಾಧಿಕಾರಿ. ಬಂದೂಕು, ಕೈಕೋಳ ಏನೂ ಇಲ್ಲ. ಒಂದು ಗುರುತಿನ ಚೀಟಿ, ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್. ನಾವು ಮುಖ್ಯವಾಗಿ ಜಾರಿ ಮಾಡುವುದು 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್. ಅದರ ತಿರುಳು ಎರಡೇ ಮಾತು. ಗಂಟೆಗೆ ಕನಿಷ್ಠ 7.25 ಡಾಲರ್ ಕೊಡಬೇಕು. ವಾರಕ್ಕೆ 40 ಗಂಟೆ ದಾಟಿದರೆ ಆಮೇಲಿನ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೊಡಬೇಕು. ಆ 7.25 ಡಾಲರ್ 2009ರಿಂದ ಅಲ್ಲೇ ನಿಂತಿದೆ. ಎಷ್ಟೋ ರಾಜ್ಯಗಳು ತಮ್ಮ ಮಟ್ಟದಲ್ಲಿ ಜಾಸ್ತಿ ಮಾಡಿಕೊಂಡಿವೆ, ಅದು ಬೇರೆ ಮಾತು.

ಎರಡು ಮಾತಿನ ಕಾನೂನಿಗೆ ಇಷ್ಟೊಂದು ತನಿಖೆ ಯಾಕೆ ಅಂತ ಕೇಳುತ್ತಾರೆ. ಕಳೆದ ವರ್ಷ ಒಬ್ಬರು ಎಷ್ಟು ಹೊತ್ತು ಒಲೆ ಮುಂದೆ ನಿಂತಿದ್ದರು ಅನ್ನುವುದನ್ನು ಈ ವರ್ಷ ಹುಡುಕಬೇಕಲ್ಲ, ಅದಕ್ಕೆ.

ಒಂದು ಹೋಟೆಲ್ ಅಡುಗೆಮನೆ. ಅಲ್ಲಿನ ಅಡುಗೆಯವರೊಬ್ಬರನ್ನು ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ ಕೇಳಿದೆ. 'ಎಂಟು' ಅಂದರು. ಅದು ಸುಳ್ಳಲ್ಲ. ಕೆಲಸಕ್ಕೆ ಸೇರುವಾಗ ಅವರಿಗೆ ಹೇಳಿದ್ದೇ ಎಂಟು. ಹೊಸದರಲ್ಲಿ ನಾನು ಅದನ್ನೇ ಬರೆದುಕೊಂಡು ಎದ್ದುಬರುತ್ತಿದ್ದೆ. ಈಗ ಸ್ವಲ್ಪ ಕೂರುತ್ತೇನೆ.

'ಬಂದ ತಕ್ಷಣ ಏನು ಮಾಡ್ತೀರಿ?'

'ಅಲಾರಂ ಆಫ್ ಮಾಡ್ತೀನಿ. ಒಲೆ ಹಚ್ತೀನಿ. ಈರುಳ್ಳಿ ಹೆಚ್ಚೋಕೆ ಶುರು ಮಾಡ್ತೀನಿ. ಅಷ್ಟರಲ್ಲಿ ಬ್ರೆಡ್ ವ್ಯಾನ್ ಬರುತ್ತೆ, ಇಳಿಸ್ಕೋತೀನಿ.'

'ಕಾರ್ಡ್?'

'ಅದು ಮ್ಯಾನೇಜರ್ ಬಂದ ಮೇಲೆ.'

ಬ್ರೆಡ್ ಚೀಟಿಗಳು ಆಫೀಸಿನಲ್ಲೇ ಒಂದು ಕಂತೆಯಾಗಿ ಬಿದ್ದಿದ್ದವು. ಪ್ರತಿ ಚೀಟಿಯಲ್ಲೂ ಇವರದೇ ಸಹಿ, ಪಕ್ಕದಲ್ಲಿ ಸಮಯ: 7:48, 7:51, 7:46. ಅಲಾರಂ ಕಂಪನಿಯ ದಾಖಲೆ ತರಿಸಿ ನೋಡಿದರೆ ಬಾಗಿಲು ತೆರೆದಿದ್ದು 7:40ರ ಆಸುಪಾಸು. ಕಾರ್ಡಿನಲ್ಲಿ ಮಾತ್ರ ಎಲ್ಲ ದಿನವೂ 8:00. ಕಾರ್ಡ್ ತಿದ್ದುವವರಿಗೆ ಬ್ರೆಡ್ ಚೀಟಿ ನೆನಪಾಗುವುದಿಲ್ಲ, ಪಾಪ.

20 ನಿಮಿಷ ಯಾವ ಲೆಕ್ಕ ಅನ್ನಿಸಬಹುದು. ಮಾಡಿ ನೋಡೋಣ. ವಾರಕ್ಕೆ ಆರು ದಿನ ಅಂದರೆ 2 ಗಂಟೆ. ಕಾರ್ಡಿನ ಪ್ರಕಾರವೇ ಅವರದು 48 ಗಂಟೆ ಆಗಿತ್ತು, ಹಾಗಾಗಿ ಈ ಎರಡೂ ಗಂಟೆ ಓವರ್‌ಟೈಮ್. ಗಂಟೆಗೆ 12 ಡಾಲರ್ ಸಂಬಳ, ಒಂದೂವರೆ ಪಟ್ಟು ಅಂದರೆ 18. ಎರಡು ಗಂಟೆಗೆ 36 ಡಾಲರ್. ಇನ್ನು ಕಾರ್ಡಿನಲ್ಲೇ ಇದ್ದ 8 ಓವರ್‌ಟೈಮ್ ಗಂಟೆಗೂ ಮಾಲೀಕರು ಬರೀ 12ರಂತೆ ಕೊಟ್ಟಿದ್ದರು. 'ಒಂದು ಗಂಟೆನೂ ಬಿಡದೆ ಕೊಟ್ಟಿದ್ದೀನಲ್ಲ' ಅಂತ ಅವರ ವಾದ. ನಿಜವಾಗಿಯೂ ಹಾಗೆ ನಂಬಿದ್ದರು ಅಂತ ನನಗೆ ಅನ್ನಿಸಿತು. ಆದರೆ ಗಂಟೆಗೆ 6 ಡಾಲರ್‌ನಂತೆ 48 ಡಾಲರ್ ಬಾಕಿ. ಒಟ್ಟು ವಾರಕ್ಕೆ 84. ವರ್ಷಕ್ಕೆ 50 ವಾರ ಹಿಡಿದರೆ 4,200 ಡಾಲರ್. ಅದು ಒಬ್ಬರದು. ಆ ಅಡುಗೆಮನೆಯಲ್ಲಿ ಐದು ಜನ ಇದ್ದರು. ಪ್ರಕರಣ ಕೋರ್ಟ್ ಮೆಟ್ಟಿಲು ಹತ್ತಿದರೆ ಬಾಕಿಯಷ್ಟೇ ಮೊತ್ತವನ್ನು ಪರಿಹಾರ ಅಂತ ಮತ್ತೊಮ್ಮೆ ಕೊಡಬೇಕಾಗಬಹುದು.

ಚೀಟಿಯೂ ಇಲ್ಲ, ಅಲಾರಂ ದಾಖಲೆಯೂ ಇಲ್ಲ ಅಂದರೆ? ಇಲ್ಲಿ 1946ರ ಒಂದು ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಕೈ ಹಿಡಿಯುತ್ತದೆ. ಮಿಷಿಗನ್‌ನ ಮೌಂಟ್ ಕ್ಲೆಮೆನ್ಸ್ ಪಾಟರಿಯ ಕಾರ್ಮಿಕರ ಮೊಕದ್ದಮೆ. ಲೆಕ್ಕ ಇಡುವ ಹೊಣೆ ಮಾಲೀಕರದು. ಅವರು ಸರಿಯಾಗಿ ಇಡದಿದ್ದರೆ ಅದರ ನಷ್ಟ ಕಾರ್ಮಿಕರ ತಲೆಗೆ ಬರಬಾರದು. ಕಾರ್ಮಿಕರು ನ್ಯಾಯವಾದ ಒಂದು ಅಂದಾಜು ಕೊಟ್ಟರೆ ಸಾಕು, ಅದು ತಪ್ಪು ಅಂತ ತೋರಿಸುವ ಕೆಲಸ ಮಾಲೀಕರದು. ಆ ತೀರ್ಪಿನ ಇನ್ನೊಂದು ಭಾಗ, ಗೇಟಿನಿಂದ ಕೆಲಸದ ಜಾಗಕ್ಕೆ ನಡೆದು ಹೋಗುವ ಹೊತ್ತಿಗೂ ಸಂಬಳ ಅನ್ನುವುದನ್ನು, ಸಂಸತ್ತು ಮರುವರ್ಷವೇ ಹೊಸ ಕಾನೂನು ತಂದು ತೆಗೆದುಹಾಕಿತು. ಲೆಕ್ಕದ ನಿಯಮ ಮಾತ್ರ ಉಳಿಯಿತು. ನನ್ನ ಅರ್ಧ ಕೆಲಸ ನಡೆಯುತ್ತಿರುವುದೇ ಅದರ ಮೇಲೆ.

'ಅವರಿಗೆ ತಿಂಗಳ ಸಂಬಳ, ಓವರ್‌ಟೈಮ್ ಬರಲ್ಲ' ಅನ್ನುವುದನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಸುಮ್ನೆ ಸಂಬಳ ಅಂತ ಕರೆದರೆ ಆಗಲ್ಲ. ಕೆಲಸದ ಬಗೆ ಯಾವುದು, ಮೊತ್ತ ಎಷ್ಟು, ಎರಡೂ ಲೆಕ್ಕಕ್ಕೆ ಬರುತ್ತವೆ. ಇಡೀ ದಿನ ಪಾತ್ರೆ ತೊಳೆಯುವವರ ಎದೆ ಮೇಲೆ 'ಮ್ಯಾನೇಜರ್' ಅಂತ ಪಟ್ಟಿ ಅಂಟಿಸಿದ್ದನ್ನೂ ಕಂಡಿದ್ದೇನೆ.

ಮಾಲೀಕರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಯಾರು ದೂರು ಕೊಟ್ಟಿದ್ದು?' ಹೇಳುವುದಿಲ್ಲ. ದೂರು ಬಂದಿದೆಯೋ ಇಲ್ಲವೋ ಅನ್ನುವುದನ್ನೂ ಹೇಳುವುದಿಲ್ಲ. ದೂರು ಕೊಟ್ಟರು ಅಂತ ಯಾರನ್ನಾದರೂ ಕೆಲಸದಿಂದ ತೆಗೆದರೆ ಅದೇ ಇನ್ನೊಂದು ಅಪರಾಧ ಅಂತ ಮಾತ್ರ ನೆನಪಿಸುತ್ತೇನೆ. ಕಾರ್ಮಿಕರ ಕಡೆಯ ಭಯ ಬೇರೆ. ವೀಸಾ, ಕಾಗದಪತ್ರ ಕೇಳುತ್ತೀರಾ ಅಂತ ನೆಲ ನೋಡಿಕೊಂಡು ಕೇಳುತ್ತಾರೆ. ಮಾಡಿದ ಕೆಲಸಕ್ಕೆ ಸಂಬಳ ಸಿಗಬೇಕಾದರೆ ಈ ಕಾನೂನು ಅದನ್ನು ನೋಡುವುದಿಲ್ಲ. ಎಷ್ಟು ಸಲ ಹೇಳಿದರೂ ಕೆಲವರು ನಂಬುವುದಿಲ್ಲ. ಅವರನ್ನು ತಪ್ಪು ಅನ್ನಲಾರೆ.

ನನಗೆ ಜಾಸ್ತಿ ಬೇಜಾರಾಗುವುದು ಕಾಲಮಿತಿಯ ವಿಷಯಕ್ಕೆ. ಹಿಂದಿನ ಎರಡು ವರ್ಷದ ಬಾಕಿಯನ್ನಷ್ಟೇ ಕೇಳಬಹುದು. ಗೊತ್ತಿದ್ದೂ ಮಾಡಿದ್ದು ಅಂತ ಸಾಬೀತಾದರೆ ಮೂರು ವರ್ಷ. ನಾನು ತನಿಖೆ ಶುರು ಮಾಡಿದ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ. ಒಂದೊಂದು ವಾರ ಕಳೆದಂತೆ ಹಿಂದಿನ ಒಂದೊಂದು ವಾರ ಕೈತಪ್ಪುತ್ತಾ ಹೋಗುತ್ತದೆ.

ಆ ಅಡುಗೆಯವರು ಅಲ್ಲಿ ಐದು ವರ್ಷದಿಂದ ಇದ್ದರು. ಮಾಲೀಕರು ಎರಡು ವರ್ಷದ ಬಾಕಿ ಕೊಡಲು ಒಪ್ಪಿದರು, ಕೊಟ್ಟರು. ಚೆಕ್ಕಿನ ಜೊತೆ ಕೊಟ್ಟ ಕಾಗದದಲ್ಲಿ ತಾರೀಖು ಓದಿ ಅವರು, 'ಇದಕ್ಕೆ ಮುಂಚೇದು?' ಅಂತ ಕೇಳಿದರು. ಬರುವುದಿಲ್ಲ ಅಂದೆ. ಚೆಕ್ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋದರು. ಒಲೆ ಮೇಲೆ ಏನೋ ಇಟ್ಟು ಬಂದಿದ್ದರು.