ಪ್ರೊಸೆಸರ್ ಬದಲಿಸಿದ ಮೇಲೆ ಪ್ರೋಗ್ರಾಂಗಳು ತಾವಾಗೇ ಮುಚ್ಚಿಕೊಳ್ಳುತ್ತಿವೆ, ಯಾಕೆ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಡಿಟಿಪಿ ಅಂಗಡಿ ಇದೆ. ಬಿ450 ಬೋರ್ಡ್‌ನಲ್ಲಿದ್ದ ರೈಜೆನ್ 5 2600 ತೆಗೆಸಿ ರೈಜೆನ್ 7 5700ಎಕ್ಸ್ ಹಾಕಿಸಿದೆ. ರ್‍ಯಾಮ್ ಹಳೆಯದೇ: 8 ಜಿಬಿಯ ನಾಲ್ಕು, ಮೇಲೆ ವೇಗ 3600 ಎಂದಿದೆ. ಈಗ ಫೋಟೋಶಾಪ್, ಕೋರಲ್‌ಡ್ರಾ, ಕ್ರೋಮ್ ಮೂರೂ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತವೆ. ಕಂಪ್ಯೂಟರ್ ಮಾತ್ರ ಆಫ್ ಆಗುವುದಿಲ್ಲ. ವಿಂಡೋಸ್ ಮತ್ತೆ ಹಾಕಿಸಿದರೂ ಅದೇ ಕಥೆ. ಪ್ರೊಸೆಸರೇ ಕೆಟ್ಟಿದೆಯಾ?

ಉತ್ತರ: ಮೊದಲ ಅನುಮಾನ ರ್‍ಯಾಮ್ ವೇಗದ ಮೇಲೆ. ‘ಇದೇ ರ್‍ಯಾಮ್ ಇಷ್ಟು ದಿನ ಚೆನ್ನಾಗಿತ್ತಲ್ಲ’ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ರ್‍ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಪ್ರೊಸೆಸರ್ ಬದಲಾಯಿತೆಂದರೆ ಅದೂ ಬದಲಾಯಿತು. 5700ಎಕ್ಸ್‌ಗೆ ತಯಾರಕ ಎಎಂಡಿ ಹೇಳುವ ವೇಗದ ಮಿತಿ ಎರಡು ರ್‍ಯಾಮ್‌ಗೆ 3200. ನಾಲ್ಕೂ ಸ್ಲಾಟ್ ತುಂಬಿದರೆ ಸಿಂಗಲ್ ರ್‍ಯಾಂಕ್‌ಗೆ 2933, ಡ್ಯುಯಲ್ ರ್‍ಯಾಂಕ್‌ಗೆ 2667 (ಒಂದು ಸ್ಟಿಕ್‌ನಲ್ಲಿ ಚಿಪ್‌ಗಳ ಒಂದೇ ಗುಂಪಿದ್ದರೆ ಸಿಂಗಲ್, ಎರಡಿದ್ದರೆ ಡ್ಯುಯಲ್). ಸ್ಟಿಕ್ಕರ್ ಮೇಲಿನ 3600 ಎಕ್ಸ್‌ಎಂಪಿ (ತಯಾರಕರೇ ತುಂಬಿಟ್ಟ ಹೆಚ್ಚು ವೇಗದ ಸೆಟ್ಟಿಂಗ್) ಆನ್ ಮಾಡಿದಾಗ ಸಿಗುವ ಓವರ್‌ಕ್ಲಾಕ್, ಅಂದರೆ ಮಿತಿ ಮೀರಿದ ವೇಗ. ಎಷ್ಟೋ ಸಲ ಓಡುತ್ತದೆ, ಖಾತರಿಯೇನಿಲ್ಲ. ಒಂದು ಬಿಟ್ ತಪ್ಪಿದರೂ ಸಾಕು, ಆ ಜಾಗ ಬಳಸುತ್ತಿದ್ದ ಪ್ರೋಗ್ರಾಂ ಬೀಳಬಹುದು. ಕರೆಂಟ್ ಏರಿಳಿತವೋ ಪವರ್ ಸಪ್ಲೈಯೋ ಕಾರಣವಾಗಿದ್ದರೆ ಸಾಮಾನ್ಯವಾಗಿ ಇಡೀ ಕಂಪ್ಯೂಟರೇ ರೀಸ್ಟಾರ್ಟ್ ಆಗುತ್ತಿತ್ತು.

ವಿಂಡೋಸ್ ದೋಷಗಳನ್ನು ದಾಖಲಿಸುವ ಈವೆಂಟ್ ವ್ಯೂಯರ್ ತೆರೆದು ವಿಂಡೋಸ್ ಲಾಗ್ಸ್, ಅಪ್ಲಿಕೇಶನ್‌ಗೆ ಹೋಗಿ 1000 ನಂಬರಿನ ದೋಷಗಳನ್ನು ನೋಡಿ. ‘ಫಾಲ್ಟಿಂಗ್ ಮಾಡ್ಯೂಲ್’ (ದೋಷ ಕಂಡ ಫೈಲ್‌ನ ಹೆಸರು) ಪ್ರತಿ ಸಲ ಒಂದೇ ಆಗಿದ್ದರೆ ತಪ್ಪು ಸಾಫ್ಟ್‌ವೇರ್‌ನದ್ದಿರಬಹುದು. ಒಂದೊಂದು ಸಲ ಒಂದೊಂದು ಹೆಸರಿದ್ದರೆ ಹಾರ್ಡ್‌ವೇರ್ ಕಡೆ ತಿರುಗಿ.

ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್) ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ಕೆಲಸ ಮಾಡಿ ನೋಡಿ. ಸರಿಹೋದರೆ ಕಳ್ಳ ಸಿಕ್ಕ ಹಾಗೆ. ಬಳಿಕ 2667ಕ್ಕೆ ಏರಿಸಿ. ಡಿಟಿಪಿ ಕೆಲಸದಲ್ಲಿ 3600ಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಿಮ್ಮ ಗಮನಕ್ಕೆ ಬರುವುದೂ ಕಷ್ಟ. ಸರಿಹೋಗದಿದ್ದರೆ ಎರಡು ರ್‍ಯಾಮ್ ತೆಗೆದು, ಉಳಿದೆರಡನ್ನು ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟ್‌ಗೆ ಹಾಕಿ. ರಾತ್ರಿ ಅಂಗಡಿ ಮುಚ್ಚುವಾಗ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿಬಿಡಿ. ಉಚಿತ ಆವೃತ್ತಿಯಲ್ಲಿ 4 ಸುತ್ತು ಸಿಗುತ್ತದೆ. ಬೆಳಗ್ಗೆ ಒಂದೇ ಒಂದು ದೋಷ ಕಂಡರೂ ಪಾಸಲ್ಲ.

ಬಯಾಸ್ ಹಳೆಯದಿದ್ದರೆ ಅಪ್‌ಡೇಟ್ ಮಾಡಿ. ಬೋರ್ಡ್‌ನ ಪೂರ್ತಿ ಹೆಸರು, ರಿವಿಷನ್ ತಾಳೆ ನೋಡಿ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

  

ಇಷ್ಟಾದರೂ ನಿಲ್ಲದಿದ್ದರೆ, ಈವೆಂಟ್ ವ್ಯೂಯರ್‌ನ ಸಿಸ್ಟಂ ವಿಭಾಗದಲ್ಲಿ ‘ವೀಯಾ ಲಾಗರ್’ (WHEA-Logger, ಹಾರ್ಡ್‌ವೇರ್ ದೋಷಗಳ ದಾಖಲೆ) ಹೆಸರಿನ 18 ಅಥವಾ 19 ನಂಬರಿನ ದಾಖಲೆ ಇದೆಯೇ ನೋಡಿ. ಇದ್ದರೆ ಪ್ರೊಸೆಸರ್ ಬಿಚ್ಚಿ ಪಿನ್ ಬಾಗಿದೆಯೇ ಪರೀಕ್ಷಿಸಿ, ಹಳೆಯ 2600 ಹಾಕಿ ಒಂದು ದಿನ ಓಡಿಸಿ. ಅದರಲ್ಲಿ ತೊಂದರೆ ಬಾರದಿದ್ದರೆ ಡಬ್ಬಿ, ಬಿಲ್ ಹಿಡಿದು ವಾರಂಟಿ ಕೇಳಿ. ಡಬ್ಬಿಯಲ್ಲಿ ಬಂದ ಪ್ರೊಸೆಸರ್‌ಗೆ ಎಎಂಡಿ 3 ವರ್ಷ ಕೊಡುತ್ತದೆ.