ಐದು ತಂಡಗಳು ಬಿಟ್ಟುಹೋದ ಅಂಗಣ: ಗ್ಲೆನ್ಸ್ ಫಾಲ್ಸ್‌ನ ಹಾಕಿ ಇತಿಹಾಸ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಆಲ್ಬನಿಯ ಉತ್ತರಕ್ಕೆ ಹಡ್ಸನ್ ನದಿಯ ದಂಡೆಯಲ್ಲಿರುವ ಗ್ಲೆನ್ಸ್ ಫಾಲ್ಸ್ ಕಾಗದದ ಗಿರಣಿಗಳ ಊರು. ಸುಮಾರು 15,000 ಜನರಿರುವ ಈ ನಗರದಲ್ಲಿ 1979ರಲ್ಲಿ ಐದು ಸಾವಿರದಷ್ಟು ಮಂದಿ ಕೂರಬಹುದಾದ ಸಿವಿಕ್ ಸೆಂಟರ್ ಎಂಬ ಒಳಾಂಗಣ ಕ್ರೀಡಾಂಗಣ ತೆರೆಯಿತು. ಅಂದಿನಿಂದ 2015ರವರೆಗೆ ಅಲ್ಲಿ ಐಸ್ ಹಾಕಿಯ ಐದು ವೃತ್ತಿಪರ ತಂಡಗಳು ಆಡಿ ಹೋದವು. ಊರು ಚಿಕ್ಕದು, ಆದ್ದರಿಂದ ತಂಡಗಳು ಉಳಿಯಲಿಲ್ಲ ಎಂಬ ವಿವರಣೆ ಅರ್ಧಸತ್ಯವಷ್ಟೇ.

ಮೊದಲು ಬಂದದ್ದು, ಪಕ್ಕದ ಬೆಟ್ಟಸಾಲಿನ ಹೆಸರು ಹೊತ್ತ ಅಡಿರಾಂಡಾಕ್ ರೆಡ್ ವಿಂಗ್ಸ್. ಅತ್ಯುನ್ನತ ದರ್ಜೆಯ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಡೆಟ್ರಾಯಿಟ್ ತಂಡ ತನ್ನ ಎಳೆಯ ಆಟಗಾರರನ್ನು ಪಳಗಿಸಲು ಎರಡನೇ ದರ್ಜೆಯ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಇಟ್ಟುಕೊಂಡಿದ್ದ ತಂಡವಿದು. ಇಪ್ಪತ್ತು ಋತುಗಳ ಕಾಲ ಇಲ್ಲಿಯೇ ನೆಲೆಸಿ, 1981, 1986, 1989 ಮತ್ತು 1992ರಲ್ಲಿ ಆ ಲೀಗ್‌ನ ಚಾಂಪಿಯನ್ ಪಟ್ಟವಾದ ಕ್ಯಾಲ್ಡರ್ ಕಪ್ ಗೆದ್ದ ಈ ತಂಡದಲ್ಲಿ, ಮುಂದೆ ಎನ್‌ಎಚ್‌ಎಲ್‌ನಲ್ಲಿ ಹೆಸರು ಮಾಡಿದ ಆಡಮ್ ಓಟ್ಸ್ ಮತ್ತು ಕ್ರಿಸ್ ಓಸ್‌ಗುಡ್‌ರಂಥವರು ಆಡಿದ್ದರು. ಇಷ್ಟು ಸಣ್ಣ ಊರಿಗೆ ನಾಲ್ಕು ಕಪ್‌ಗಳು ಅಸಾಮಾನ್ಯ ಗೌರವ. ಆದರೆ 1993ರಲ್ಲಿ ಪಕ್ಕದ ಆಲ್ಬನಿಯ ದೊಡ್ಡ ಅಂಗಣಕ್ಕೆ ಅದೇ ಲೀಗ್‌ನ ಇನ್ನೊಂದು ತಂಡ ಬಂದಿತು. 1999ರಲ್ಲಿ ಅಡಿರಾಂಡಾಕ್ ತಂಡವೇ ನಿಂತುಹೋಗಿ, ಡೆಟ್ರಾಯಿಟ್ ತನ್ನ ಆಟಗಾರರನ್ನು ಸಿನ್ಸಿನಾಟಿಗೆ ಕಳುಹಿಸತೊಡಗಿತು. ಸುಮ್ಮನೆ ಉಳಿದಿದ್ದ ಫ್ರಾಂಚೈಸಿಯನ್ನು, ಅಂದರೆ ಲೀಗ್‌ನಲ್ಲಿ ತಂಡ ಆಡಿಸುವ ಹಕ್ಕನ್ನು, ಇತರರು ಕೊಂಡು, 2002ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹೊಸ ತಂಡ ಕಟ್ಟಿದರು.

ಆಮೇಲೆ ಕೆಳದರ್ಜೆಯ ಯುನೈಟೆಡ್ ಹಾಕಿ ಲೀಗ್‌ನ ಐಸ್‌ಹಾಕ್ಸ್ ಬಂದಿತು. 2004ರಲ್ಲಿ ಅದರ ಸ್ಥಾನದಲ್ಲಿ ಫ್ರಾಸ್ಟ್‌ಬೈಟ್ ಕಾಣಿಸಿಕೊಂಡು ಎರಡೇ ಋತುಗಳಲ್ಲಿ ಮುಗಿಯಿತು. ಮುಂದಿನ ಮೂರು ಚಳಿಗಾಲ ಅಂಗಣಕ್ಕೆ ಸ್ವಂತ ಹಾಕಿ ತಂಡವಿರಲಿಲ್ಲ.

2009ರಲ್ಲಿ ಬಂದ, ಮತ್ತೆ ಅಮೆರಿಕನ್ ಹಾಕಿ ಲೀಗ್‌ನದೇ ಆದ ಫ್ಯಾಂಟಮ್ಸ್ ಮೊದಲಿನಿಂದಲೂ ಹೊರಡಲಿದ್ದ ತಂಡ. ಫಿಲಡೆಲ್ಫಿಯಾದಲ್ಲಿ ಅದು ಆಡುತ್ತಿದ್ದ ಸ್ಪೆಕ್ಟ್ರಮ್ ಅಂಗಣ ಮುಚ್ಚಿತ್ತು, ಹೊಸ ಮಾಲೀಕರು ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಬಯಸಿದ್ದ ಅಂಗಣ ಇನ್ನೂ ಎದ್ದಿರಲಿಲ್ಲ, ಹೀಗಾಗಿ ನಡುವಿನ ಐದು ಋತುಗಳಿಗೆ ಗ್ಲೆನ್ಸ್ ಫಾಲ್ಸ್ ತಂಗುದಾಣವಾಯಿತು. 2014ರಲ್ಲಿ ಅದು ಹೊರಟಾಗ ಪಶ್ಚಿಮ ಕೆನಡಾದ ಎನ್‌ಎಚ್‌ಎಲ್ ತಂಡವಾದ ಕ್ಯಾಲ್ಗರಿಯ ಅಧೀನ ತಂಡ ಫ್ಲೇಮ್ಸ್ ಅದೇ ಲೀಗ್‌ನಲ್ಲಿ ಆಡಲು ಬಂದಿತು. ಅದು ಇದ್ದದ್ದು ಒಂದೇ ಋತು. ಪಶ್ಚಿಮದ ಎನ್‌ಎಚ್‌ಎಲ್ ತಂಡಗಳಿಗೆ ತಮ್ಮ ಕಿರಿಯ ಆಟಗಾರರು ಹತ್ತಿರದಲ್ಲಿರಬೇಕಿತ್ತು. 2015ರ ಜನವರಿಯಲ್ಲಿ ಅಮೆರಿಕನ್ ಹಾಕಿ ಲೀಗ್ ಪೆಸಿಫಿಕ್ ವಿಭಾಗವನ್ನು ಘೋಷಿಸಿದಾಗ ಐದು ತಂಡಗಳು ಕ್ಯಾಲಿಫೋರ್ನಿಯಾಕ್ಕೆ ಹೊರಟವು, ಫ್ಲೇಮ್ಸ್ ಅಲ್ಲಿನ ಸ್ಟಾಕ್ಟನ್ ನಗರ ಸೇರಿತು. ಈ ತೀರ್ಮಾನಕ್ಕೂ ಗ್ಲೆನ್ಸ್ ಫಾಲ್ಸ್‌ನ ಟಿಕೆಟ್ ಮಾರಾಟಕ್ಕೂ ಸಂಬಂಧವಿರಲಿಲ್ಲ. ಊರಿನ ಪ್ರೀತಿಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ, ಏಕೆಂದರೆ ಫ್ರಾಂಚೈಸಿ ಊರಿನದಲ್ಲ, ಅದನ್ನು ಕೊಂಡವರದು. ಈ ವ್ಯವಸ್ಥೆ ಅನ್ಯಾಯವೆಂದೇ ನನಗೆ ತೋರುತ್ತದೆ.

ಸ್ಟಾಕ್ಟನ್‌ನಲ್ಲಿದ್ದ, ಮೂರನೇ ದರ್ಜೆಯ ಇಸಿಎಚ್‌ಎಲ್‌ನ ಥಂಡರ್ ತಂಡ ಬದಲಾಗಿ ಇಲ್ಲಿಗೆ ಬಂದಿತು. ದರ್ಜೆ ಇಳಿದರೂ ಬೇರೊಂದು ಬದಲಾವಣೆ ಹೆಚ್ಚು ಮುಖ್ಯವಾಗಿತ್ತು. ನಗರಾಡಳಿತಕ್ಕೆ ಹೊರೆಯಾಗಿದ್ದ ಕಟ್ಟಡವನ್ನು ಸ್ಥಳೀಯರೇ ಸೇರಿ ರಚಿಸಿಕೊಂಡ ಅಡಿರಾಂಡಾಕ್ ಸಿವಿಕ್ ಸೆಂಟರ್ ಕೊಅಲಿಶನ್ ವಹಿಸಿಕೊಂಡಿತು, 2017ರಲ್ಲಿ ಥಂಡರ್ ತಂಡವನ್ನೂ ಅದರ ಮಾಲೀಕನಾಗಿದ್ದ ಕ್ಯಾಲ್ಗರಿಯಿಂದ ಕೊಂಡಿತು. ಅದೇ ವರ್ಷ ಥಂಡರ್ ಕ್ಯಾಲ್ಗರಿಯ ನಂಟು ಬಿಟ್ಟು ಇನ್ನೊಂದು ಎನ್‌ಎಚ್‌ಎಲ್ ತಂಡವಾದ ನ್ಯೂಜೆರ್ಸಿ ಡೆವಿಲ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೇಲಿನ ತಂಡ ಬದಲಾದರೂ ಈ ಸಲ ಊರಿನ ತಂಡ ಕದಲಲಿಲ್ಲ.