ಮೊದಲು ತೂತು ನೋಡಿ, ಆಮೇಲೆ ಹಲ್ಲು ಎಣಿಸಿ

ಟೇಬಲ್ ಸಾಗೆ, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದು ಮರ ಕೊಯ್ಯುವ ಮಷಿನ್ನಿಗೆ, ಬ್ಲೇಡು ತರಲು ಹೋದವರೆಲ್ಲ ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಹಲ್ಲಿನದು ಅಂತ. ನಾನು ಮೊದಲು ನೋಡುವುದು ನಡುವಿನ ತೂತು. 10 ಇಂಚಿನ ಬ್ಲೇಡಿನಲ್ಲಿ ಅದು 25.4 ಮಿಮೀ ಇರಬಹುದು, 30 ಇರಬಹುದು, ಅಮೆರಿಕದ ಮಷಿನ್ನಿಗೆ ಮಾಡಿದ್ದಾದರೆ 16ರ ಹತ್ತಿರ. ಒಂದು ಸೈಟಿನಲ್ಲಿ 30ರ ಬ್ಲೇಡನ್ನು 25.4ರ ಶಾಫ್ಟಿಗೆ ಕೂರಿಸಲು ಹುಡುಗನೊಬ್ಬ ಶಾಫ್ಟಿಗೆ ಇನ್ಸುಲೇಷನ್ ಟೇಪ್ ಸುತ್ತುತ್ತಿದ್ದ! ನಡು ತಪ್ಪಿದ ಬ್ಲೇಡಿನಲ್ಲಿ ಒಂದು ಕಡೆಯ ಹಲ್ಲುಗಳು ಮಾತ್ರ ಮರ ಕಚ್ಚುತ್ತವೆ, ಮಷಿನ್ ಅದುರುತ್ತದೆ. ತೂತು ದೊಡ್ಡದಿದ್ದರೆ ಸರಿಯಾದ ಅಳತೆಯ ಲೋಹದ ರಿಂಗ್ ಹಾಕಿ. ಆ ರಿಂಗ್ ಬ್ಲೇಡಿನ ಮೈಗಿಂತ ದಪ್ಪ ಇರಬಾರದು, ಇದ್ದರೆ ನಟ್ಟು ಎಷ್ಟು ಬಿಗಿದರೂ ವಾಷರ್ ರಿಂಗನ್ನು ಹಿಡಿಯುತ್ತದೆಯೇ ಹೊರತು ಬ್ಲೇಡನ್ನಲ್ಲ.

ಆಮೇಲೆ ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಆರ್‌ಪಿಎಂ. ಮಷಿನ್ನಿನ ವೇಗ ಅದನ್ನು ದಾಟಬಾರದು. 10 ಇಂಚಿನ ಟೇಬಲ್ ಸಾ ಸಾಮಾನ್ಯವಾಗಿ ನಿಮಿಷಕ್ಕೆ 4,000-5,000 ಸುತ್ತು. ನಮ್ಮಲ್ಲಿ ಮಾರ್ಬಲ್ ಕಟ್ಟರನ್ನು ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಬಿಗಿದು ಅದನ್ನೇ ಟೇಬಲ್ ಸಾ ಅನ್ನುತ್ತಾರೆ ನೋಡಿ, ಅದು 12,000ದ ಆಸುಪಾಸು. ಬ್ಲೇಡು ಮುಚ್ಚುವ ಗಾರ್ಡ್ ಇಲ್ಲ, ಬ್ಲೇಡಿನ ಹಿಂದೆ ಮರ ಒದೆಯದಂತೆ ತಡೆಯುವ ತಗಡೂ ಇಲ್ಲ. ಎಲ್ಲರೂ ಮಾಡ್ತಾರೆ ಅಲ್ವಾ ಅಂತೀರಿ. ಮಾಡ್ತಾರೆ, ನಾನು ಮಾತ್ರ ಬೇಡ ಅಂತಲೇ ಹೇಳುವುದು.

ಈಗ ಹಲ್ಲು. ತೇಗ, ಹಲಸು ಉದ್ದಕ್ಕೆ ಸೀಳಲು 24, ಅಡ್ಡ ಕೊಯ್ಯಲು 60, ಪ್ಲೈವುಡ್ಡಿಗೆ 60ರಿಂದ 80, ಸೀಳಲೂ ಅಡ್ಡ ಕೊಯ್ಯಲೂ ಒಂದೇ ಸಾಕು ಅಂದರೆ 40. ಜಾಸ್ತಿ ಹಲ್ಲಿದ್ದರೆ ಒಳ್ಳೆಯದು ಅಂತ 80ರಲ್ಲಿ ದಪ್ಪ ಮರ ಸೀಳಲು ಹೋದರೆ ಹಲ್ಲಿನ ಸಂದಿಯಲ್ಲಿ ಹೊಟ್ಟು ತುಂಬಿ, ಬ್ಲೇಡು ಬಿಸಿಯಾಗಿ, ಮರ ಕಪ್ಪಾಗುತ್ತದೆ.

ಬ್ಲೇಡಿನ ಹಿಂದೆ ನಿಲ್ಲುವ ತಗಡಿನ ವಿಷಯ ಯಾರೂ ಕೇಳುವುದೇ ಇಲ್ಲ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿದು ನಿಮ್ಮ ಹೊಟ್ಟೆಗೆ ಒದೆಯದಂತೆ ತಡೆಯುವುದು ಅದೇ. ಅದು ಬ್ಲೇಡಿನ ಮೈಗಿಂತ ದಪ್ಪ, ಹಲ್ಲು ಕೊರೆಯುವ ಸೀಳಿಗಿಂತ ತೆಳು ಇರಬೇಕು. ತಗಡು 2.5 ಮಿಮೀ ಇದ್ದು ನೀವು 2.4ರ ಸೀಳು ಕೊರೆಯುವ ತೆಳು ಬ್ಲೇಡು ತಂದರೆ ಮರ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಟ್ಟಿಗೆ ತಗಡನ್ನೇ ಬಿಚ್ಚಿಟ್ಟವರನ್ನು ನೋಡಿದ್ದೇನೆ.

ಬ್ಲೇಡು ಬದಲಿಸುವಾಗ ಸ್ವಿಚ್ ಆಫ್ ಸಾಲದು, ಪ್ಲಗ್ ಕೀಳಿ. ಹಲ್ಲು ತಡೆಯಲು ಮರದ ತುಂಡು ತುರುಕಬೇಡಿ, ಮಷಿನ್ನಿನ ಲಾಕ್ ಇಲ್ಲವೇ ಎರಡನೇ ಸ್ಪಾನರ್ ಬಳಸಿ. ಬಹುತೇಕ ಮಷಿನ್ನುಗಳಲ್ಲಿ ಬ್ಲೇಡು ತಿರುಗುವ ದಿಕ್ಕಿಗೇ ತಿರುಗಿಸಿದರೆ ನಟ್ಟು ಬಿಚ್ಚುತ್ತದೆ. ಹೊಸ ಬ್ಲೇಡಿನ ಹಲ್ಲು ಮೇಲ್ಗಡೆ ನಿಮ್ಮ ಕಡೆಗೆ ನೋಡುತ್ತಿರಲಿ. ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗದಿದ್ದರೆ ಪ್ಲಗ್ ಹಾಕಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಒಂದು ನಿಮಿಷ ಸುಮ್ನೆ ಓಡಲು ಬಿಡಿ. ಬ್ಲೇಡು ಓಲಾಡಿದರೆ ನಿಲ್ಲಿಸಿ ಬಿಚ್ಚಿ ನೋಡಿ, ಎಷ್ಟೋ ಸಲ ವಾಷರ್ ಹಿಂದೆ ಚಿಟಿಕೆ ಹೊಟ್ಟು ಕೂತಿರುತ್ತದೆ ಅಷ್ಟೆ.